ಇಟ್ಟಿಗೆಯಲ್ಲಿ ಕಟ್ಟಿದ ವಾದ: ಲಂಡನ್ನಿನ ಆಲ್ ಸೇಂಟ್ಸ್ ಚರ್ಚ್

(ವಾಸ್ತುಶಿಲ್ಪದಲ್ಲಿ ಆಸಕ್ತಿಯುಳ್ಳವರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವು ಹೇಳಿದ್ದನ್ನು ಮಾತಿನಲ್ಲೇ ಹೇಳಲು ಅಲ್ಲಲ್ಲಿ ಕೆಲವು ವಾಕ್ಯಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಿಕ್ಟೋರಿಯಾ ರಾಣಿಯ ಕಾಲದ ಚರ್ಚುಗಳ ಬಗ್ಗೆ ನಮ್ಮಲ್ಲಿ ಒಂದು ಸಿದ್ಧ ಅಭಿಪ್ರಾಯವಿದೆ. ಮೊನಚು ಕಮಾನು, ಬಣ್ಣದ ಗಾಜು, ಮುಗಿಲಿಗೆ ಚಾಚಿದ ಶಿಖರ, ಎಲ್ಲವೂ ಮಧ್ಯಯುಗದ ನಕಲು ಎಂದು. ಈ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಸಾವಿರಾರು ಚರ್ಚುಗಳು ಎದ್ದವು. ಹತ್ತು ನೋಡಿದ ಮೇಲೆ ಹನ್ನೊಂದನೆಯದು ಹೇಗಿರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಹುದು, ಅವುಗಳಲ್ಲಿ ಅಷ್ಟು ಸಾಮ್ಯ. ಇವತ್ತು ನಾನು ಆರಿಸಿಕೊಂಡಿರುವ ಕಟ್ಟಡದ ಕಥೆ ಮಾತ್ರ ತಮಾಷೆಯಾಗಿದೆ. ಉಳಿದವರು ನೋಡಿ ಅನುಸರಿಸಲಿ ಎಂದೇ, ಒಂದು ಸಂಘ ನಿಯಮ ಬರೆದು, ಹಣ ಕೂಡಿಸಿ, ಮಾದರಿಯೆಂದು ಘೋಷಿಸಿ ಕಟ್ಟಿಸಿದ ಚರ್ಚ್ ಅದು. ಕಟ್ಟಿ ಮುಗಿದಾಗ ಅದು ಮಧ್ಯಯುಗದ ಯಾವ ಕಟ್ಟಡವನ್ನೂ ಹೋಲಲಿಲ್ಲ. ಕಟ್ಟಿಸಿದವರಿಗೇ ಅದು ಹಿಡಿಸಲಿಲ್ಲ.

ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್ ನಿಮಗೆಲ್ಲ ಗೊತ್ತಿರುವ ಅಂಗಡಿ ಬೀದಿ. ಅದರ ಉತ್ತರಕ್ಕೆ ಒಂದೆರಡು ತಿರುವು ದಾಟಿದರೆ ಮಾರ್ಗರೆಟ್ ಸ್ಟ್ರೀಟ್. ಆ ಬೀದಿಯ ಮನೆಸಾಲಿನ ನಡುವೆ ಸಿಕ್ಕಿಕೊಂಡಂತೆ ನಿಂತಿರುವುದು ಆಲ್ ಸೇಂಟ್ಸ್, ಸಕಲ ಸಂತರ ಹೆಸರಿನ ಚರ್ಚ್. ವಾಸ್ತುಶಿಲ್ಪಿ ವಿಲಿಯಂ ಬಟರ್‌ಫೀಲ್ಡ್. ಅಡಿಗಲ್ಲು 1850ರಲ್ಲಿ, ಪ್ರತಿಷ್ಠೆ 1859ರ ಮೇ 28ರಂದು.

ಮೊದಲು ಆ ಕಾಲದ ಗಡಿಬಿಡಿಯನ್ನು ಸ್ವಲ್ಪ ನೋಡೋಣ. ಕಾರ್ಖಾನೆಗಳ ಹಿಂದೆ ಜನ ಊರು ಬಿಟ್ಟು ನಗರಗಳಿಗೆ ಬಂದರು. ಹಳ್ಳಿಯ ಚರ್ಚುಗಳು ಹಳ್ಳಿಯಲ್ಲೇ ಉಳಿದವು. ನಗರದಲ್ಲಿ ಚರ್ಚುಗಳೇ ಕಡಿಮೆ, ಇದ್ದವುಗಳಲ್ಲಿ ಬಡವರಿಗೆ ಜಾಗ ಇನ್ನೂ ಕಡಿಮೆ. ಹಲವು ಚರ್ಚುಗಳಲ್ಲಿ ಆಸನಗಳಿಗೆ ಬಾಡಿಗೆ ಇತ್ತು. ಅನುಕೂಲಸ್ಥ ಕುಟುಂಬಗಳು ಬಾಗಿಲಿದ್ದ ಮರದ ಪೆಟ್ಟಿಗೆಯಂತಹ ಆವರಣಗಳಲ್ಲಿ ಕುಳಿತುಕೊಳ್ಳುತ್ತಿದ್ದವು, ಮಿಕ್ಕವರು ಹಿಂದೆ ನಿಲ್ಲಬೇಕು ಅಥವಾ ಮೇಲಿನ ಅಟ್ಟಣೆಗೆ ಹತ್ತಬೇಕು. 1818ರಲ್ಲಿ ಪಾರ್ಲಿಮೆಂಟು ಹೊಸ ಚರ್ಚುಗಳಿಗೆಂದು ಹತ್ತು ಲಕ್ಷ ಪೌಂಡ್ ಕೊಟ್ಟಿತು, 1824ರಲ್ಲಿ ಇನ್ನೂ ಐದು ಲಕ್ಷ. ಆ ಹಣದಲ್ಲಿ ಎದ್ದವು ಬಹುತೇಕ ಅಗ್ಗದ, ವಿಶಾಲವಾದ, ಉಪದೇಶ ಕೇಳುವ ಸಭಾಂಗಣಗಳು. ತಲೆ ಎಣಿಸಿ ಕಟ್ಟಿದ ಕಟ್ಟಡಗಳು.

ಇದಕ್ಕೆ ಎದುರಾಗಿ ಎರಡು ಕಡೆಯಿಂದ ಸಿಟ್ಟು ಹುಟ್ಟಿತು. ಆಕ್ಸ್‌ಫರ್ಡಿನಲ್ಲಿ ಕೀಬಲ್, ನ್ಯೂಮನ್, ಪ್ಯೂಸಿ ಮುಂತಾದ ಪಾದ್ರಿ ವಿದ್ವಾಂಸರು 1833ರಿಂದ ಒಂದು ವಾದ ಹೂಡಿದರು: ಇಂಗ್ಲೆಂಡಿನ ಚರ್ಚು ಸರ್ಕಾರದ ಇಲಾಖೆಯಲ್ಲ, ಯೇಸುವಿನ ಶಿಷ್ಯರಾದ ಅಪೊಸ್ತಲರ ಕಾಲದಿಂದ ಮುರಿಯದೆ ಬಂದ ಪರಂಪರೆ; ಆದ್ದರಿಂದ ಪ್ರವಚನಕ್ಕಿಂತ ಪ್ರಭುಭೋಜನದ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ, ಸಂಸ್ಕಾರ ಮುಖ್ಯ. ಕೇಂಬ್ರಿಜ್‌ನಲ್ಲಿ 1839ರಲ್ಲಿ ಜಾನ್ ಮೇಸನ್ ನೀಲ್, ಬೆಂಜಮಿನ್ ವೆಬ್ ಎಂಬ ವಿದ್ಯಾರ್ಥಿಗಳು ಕ್ಯಾಮ್ಡೆನ್ ಸೊಸೈಟಿ ಎಂಬ ಸಂಘ ಕಟ್ಟಿ, ಇದೇ ಮಾತನ್ನು ಕಲ್ಲು ಮತ್ತು ಗಾರೆಗೆ ಅನ್ವಯಿಸಿದರು. ಸಂಸ್ಕಾರವೇ ಮುಖ್ಯವಾದರೆ ಅದು ನಡೆಯುವ ಬಲಿಪೀಠ ಎಲ್ಲರ ಕಣ್ಣಿಗೆ ಬೀಳಬೇಕು, ಮೆಟ್ಟಿಲುಗಳ ಮೇಲೆ ಎತ್ತರದಲ್ಲಿರಬೇಕು. ಅದಿರುವ ಪೂರ್ವದ ಭಾಗ ಜನ ಕೂರುವ ಭಾಗದಿಂದ ಬೇರೆಯಾಗಿ ಕಾಣಬೇಕು. ದೀಕ್ಷಾಸ್ನಾನದ ತೊಟ್ಟಿ ಪಶ್ಚಿಮದ ಬಾಗಿಲ ಹತ್ತಿರ ಇರಬೇಕು, ಯಾಕೆಂದರೆ ಸಭೆಯೊಳಕ್ಕೆ ಪ್ರವೇಶ ಅಲ್ಲಿಂದಲೇ. ಪೆಟ್ಟಿಗೆ ಆಸನ ಹೋಗಬೇಕು, ಅಟ್ಟಣೆ ಹೋಗಬೇಕು. ಶೈಲಿ ಸುಮಾರು 1300ರ ಆಚೀಚಿನ ಗೋಥಿಕ್, ಅಂದರೆ ಮೊನಚು ಕಮಾನಿನ ಮಧ್ಯಯುಗದ ಶೈಲಿ, ಆಗಿರಬೇಕು. ಇಪ್ಪತ್ತರ ಹರೆಯದ ಹುಡುಗರು ವಯಸ್ಸಾದ ವಾಸ್ತುಶಿಲ್ಪಿಗಳಿಗೆ ಅಂಕ ಕೊಡುವ ಧಾಟಿಯಲ್ಲಿ ತಮ್ಮ ಪತ್ರಿಕೆಯಲ್ಲಿ ಹೊಸ ಚರ್ಚುಗಳ ವಿಮರ್ಶೆ ಬರೆದರು. ಅವರ ಉದ್ಧಟತನ ನನಗೆ ಇಷ್ಟವಿಲ್ಲ. ಆದರೆ ಕಟ್ಟಡದ ನಕ್ಷೆಯೂ ಒಂದು ನಂಬಿಕೆಯ ಹೇಳಿಕೆ ಎಂಬುದನ್ನು ಅವರಷ್ಟು ಗಂಭೀರವಾಗಿ ಆ ಕಾಲದಲ್ಲಿ ತೆಗೆದುಕೊಂಡವರು ಕಡಿಮೆ.

ನಮ್ಮ ದೇವಸ್ಥಾನದ ಗರ್ಭಗುಡಿ, ನವರಂಗಗಳ ನೆನಪು ನಿಮಗೆ ಬಂದಿರಬಹುದು. ಹಂತಹಂತವಾಗಿ ಒಳಸಾಗುವ ಕ್ರಮ ಎರಡರಲ್ಲೂ ಇದೆ ಎನ್ನುವುದು ಸರಿಯೇ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಗರ್ಭಗುಡಿ ಒಳಹೋದಂತೆ ಕಿರಿದಾಗಿ ಕತ್ತಲಾಗುತ್ತದೆ. ಇವರಿಗೆ ಬೇಕಾಗಿದ್ದದ್ದು ಕೊನೆಯ ಸಾಲಿನಲ್ಲಿ ಕೂತವನಿಗೂ ತೆರೆದು ಕಾಣುವ, ಇಡೀ ಕಟ್ಟಡದಲ್ಲೇ ಅತ್ಯಂತ ಶ್ರೀಮಂತವಾದ ಭಾಗ.

ಈಗ ಮಾರ್ಗರೆಟ್ ಸ್ಟ್ರೀಟಿಗೆ ಬರೋಣ. ಅಲ್ಲಿ 18ನೇ ಶತಮಾನದಿಂದ ಒಂದು ಪ್ರಾರ್ಥನಾ ಮಂದಿರವಿತ್ತು. ತಗ್ಗು ಮಾಳಿಗೆ, ಮಂಕು ಬೆಳಕು, ಕುರಿದೊಡ್ಡಿಯಂತಹ ಆಸನಗಳು ಎಂದು ಕಂಡವರು ಬರೆದಿದ್ದಾರೆ. 1839ರಲ್ಲಿ ಅಲ್ಲಿಗೆ ಫ್ರೆಡರಿಕ್ ಓಕ್ಲಿ ಎಂಬ ಪಾದ್ರಿ ಬಂದರು. ಇಂದು ಲೋಕದೆಲ್ಲೆಡೆ ಕ್ರಿಸ್‌ಮಸ್‌ನಲ್ಲಿ ಹಾಡುವ ಒಂದು ಲ್ಯಾಟಿನ್ ಗೀತೆಯನ್ನು ಇಂಗ್ಲಿಷಿಗೆ ತಂದವರು ಇವರೇ, ತಂದದ್ದು ಈ ಮಂದಿರದ ಸಭೆಗಾಗಿ. ಓಕ್ಲಿ ಆಕ್ಸ್‌ಫರ್ಡ್ ಪಂಗಡದವರು. ಹೊಸ ಪೂಜಾಕ್ರಮವನ್ನು ಆ ಕೊಂಪೆಯಲ್ಲೇ ಆರಂಭಿಸಿದರು, ಸಾಕಷ್ಟು ಹೆಸರು ಮಾಡಿದರು, 1845ರಲ್ಲಿ ನ್ಯೂಮನ್ ಹಿಂದೆಯೇ ರೋಮಿನ ಚರ್ಚಿಗೆ ಸೇರಿಬಿಟ್ಟರು. ಇಂಗ್ಲೆಂಡಿನ ಪ್ರಾಟೆಸ್ಟಂಟರಿಗೆ ಇದೇ ಬೇಕಾಗಿತ್ತು. ಮೇಣದಬತ್ತಿ ಹಚ್ಚುವವರ ದಾರಿ ಕೊನೆಗೆ ಮುಟ್ಟುವುದು ಪೋಪರನ್ನೇ ಎಂದು ಆಡಿಕೊಂಡರು. ಅವರ ಜಾಗಕ್ಕೆ ಬಂದ ವಿಲಿಯಂ ಅಪ್ಟನ್ ರಿಚರ್ಡ್ಸ್ ಗಟ್ಟಿ ಮನುಷ್ಯ. ಸಭೆಯನ್ನು ಚದುರಲು ಬಿಡಲಿಲ್ಲ, ತಾನೂ ಎಲ್ಲಿಗೂ ಹೋಗಲಿಲ್ಲ. ಹೊಸ ಚರ್ಚಿನ ಮೊದಲ ಪಾದ್ರಿಯಾಗಿ 1873ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು.

ಕ್ಯಾಮ್ಡೆನ್ ಸಂಘ 1841ರಲ್ಲೇ ತನ್ನ ನಿಯಮಗಳಿಗೆ ತಕ್ಕ ಮಾದರಿ ಚರ್ಚೊಂದನ್ನು ಕಟ್ಟುವ ಯೋಚನೆ ಪ್ರಕಟಿಸಿತ್ತು. ಮಂದಿರಕ್ಕೆ ಹೊಸ ಕಟ್ಟಡ ಬೇಕಿತ್ತು, ಸಂಘಕ್ಕೆ ಜಾಗ ಬೇಕಿತ್ತು. ಎರಡೂ ಕೂಡಿದವು. ಉಸ್ತುವಾರಿ ವಹಿಸಿದ್ದು ಅಲೆಕ್ಸಾಂಡರ್ ಬೆರೆಸ್‌ಫರ್ಡ್ ಹೋಪ್, ಶ್ರೀಮಂತ, ಪಾರ್ಲಿಮೆಂಟ್ ಸದಸ್ಯ, ಎಲ್ಲದರಲ್ಲೂ ಅಭಿಪ್ರಾಯವಿದ್ದ ಮನುಷ್ಯ. ಹೆನ್ರಿ ಟ್ರಿಟನ್ ಎಂಬ ಬ್ಯಾಂಕರ್ 30,000 ಪೌಂಡ್ ಕೊಟ್ಟರು. ನಿವೇಶನ, ಕಟ್ಟಡ, ದತ್ತಿ ಎಲ್ಲ ಸೇರಿ ಖರ್ಚು ಸುಮಾರು 70,000 ಪೌಂಡಿಗೆ ಏರಿತು. ಒಂದು ಬಡಾವಣೆಯ ಚರ್ಚಿಗೆ ಅದು ವಿಪರೀತ ಮೊತ್ತ. ಬೇರೆಯವರು ಅನುಸರಿಸಲಿ ಎಂದು ಕಟ್ಟಿದ ಮಾದರಿಯನ್ನು ಬೇರೆ ಯಾರೂ ಅನುಸರಿಸಲಾಗದ ಖರ್ಚಿನಲ್ಲಿ ಕಟ್ಟಿದರು. ಸಮಿತಿಗಳ ಕೆಲಸವೆಂದರೆ ಇದೇ.

ಬಟರ್‌ಫೀಲ್ಡ್ ಹುಟ್ಟಿದ್ದು 1814ರಲ್ಲಿ, ಲಂಡನ್ನಿನ ವ್ಯಾಪಾರಿ ಕುಟುಂಬದಲ್ಲಿ. ಮೊದಲು ಕಟ್ಟಡ ಗುತ್ತಿಗೆದಾರನೊಬ್ಬನ ಕೈಕೆಳಗೆ ಕೆಲಸ ಕಲಿತವರು. ಇದು ಮುಖ್ಯ. ಇಟ್ಟಿಗೆ ಹೇಗೆ ಕೂರುತ್ತದೆ, ಗಾರೆ ಎಷ್ಟು ಹಿಡಿಯುತ್ತದೆ ಎಂಬುದು ಅವರಿಗೆ ಕಾಗದದ ಮೇಲಿನ ವಿಷಯವಾಗಿರಲಿಲ್ಲ. ಮದುವೆಯಾಗಲಿಲ್ಲ, ಸಮಾರಂಭಗಳಿಂದ ದೂರ ಇರುತ್ತಿದ್ದರು, ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿನ, ಕಟ್ಟುನಿಟ್ಟಿನ ಭಕ್ತ. 1884ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆ ಚಿನ್ನದ ಪದಕ ಕೊಟ್ಟಾಗ ಪಡೆದುಕೊಳ್ಳಲು ಸ್ವತಃ ಹೋಗಲಿಲ್ಲ.

ಅವರಿಗೆ ಸಿಕ್ಕ ನಿವೇಶನ ಸುಮಾರು ನೂರು ಅಡಿ ಉದ್ದ, ನೂರು ಅಡಿ ಅಗಲ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಮೂವತ್ತು-ನಲವತ್ತರ ಎಂಟು ಸೈಟುಗಳು. ಅಷ್ಟರಲ್ಲಿ ಚರ್ಚ್, ಪಾದ್ರಿಯ ಮನೆ, ಗಾಯಕ ಬಾಲಕರ ಶಾಲೆ, ಮೂರನ್ನೂ ಹೊಂದಿಸಬೇಕು. ಉತ್ತರಕ್ಕೂ ಪೂರ್ವಕ್ಕೂ ಬೇರೆಯವರ ಕಟ್ಟಡಗಳು ಗೋಡೆಗೆ ಗೋಡೆ ತಾಗಿಕೊಂಡಿವೆ. ಹಳ್ಳಿಯಲ್ಲಿ ಹುಲ್ಲುಹಾಸಿನ ನಡುವೆ ನಿಲ್ಲುವ ಮಧ್ಯಯುಗದ ಚರ್ಚಿನ ನಕ್ಷೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸಂಘದ ನಿಯಮಪುಸ್ತಕದಲ್ಲೂ ಇದಕ್ಕೆ ಉತ್ತರವಿಲ್ಲ.

ಬಟರ್‌ಫೀಲ್ಡ್ ಚರ್ಚನ್ನು ನಿವೇಶನದ ಹಿಂಭಾಗಕ್ಕೆ ತಳ್ಳಿದರು. ಮುಂದೆ ಬೀದಿಗೆ ತಾಗಿ, ಎಡಬಲಕ್ಕೆ ಮನೆ ಮತ್ತು ಶಾಲೆಗಳ ಎತ್ತರದ ಕಟ್ಟಡಗಳನ್ನು ನಿಲ್ಲಿಸಿ, ನಡುವೆ ಒಂದು ಪುಟ್ಟ ಅಂಗಳ ಉಳಿಸಿದರು. ಬೀದಿಯಿಂದ ಕಮಾನು ಬಾಗಿಲು ದಾಟಿ ಈ ಅಂಗಳಕ್ಕೆ ಬಂದರೆ ಆಚೀಚೆಯ ಗೋಡೆಗಳು ನಿಮ್ಮನ್ನು ಒತ್ತುತ್ತವೆ, ಕಣ್ಣಿಗೆ ಮೇಲೆ ನೋಡದೆ ಬೇರೆ ದಾರಿಯಿಲ್ಲ. ಮೇಲೆ 227 ಅಡಿಯ ಶಿಖರ. ವೆಸ್ಟ್‌ಮಿನ್‌ಸ್ಟರ್ ಅಬೆಯ ಜೋಡಿ ಗೋಪುರಗಳಿಗಿಂತ ಎರಡು ಅಡಿ ಎತ್ತರ. ಈ ಅಂಗಳವೇ ಇಡೀ ಕಟ್ಟಡದ ಶ್ರೇಷ್ಠ ಭಾಗ ಎಂದು ನಾನು ತಿಳಿದಿದ್ದೇನೆ. ಜಾಗದ ಕೊರತೆಯನ್ನು ಮುಚ್ಚಿಡದೆ ಅದನ್ನೇ ಎತ್ತರದ ಅನುಭವವಾಗಿ ತಿರುಗಿಸಿದ ಕೈ ಅದು. ಅಂಗಳದ ಆಸರೆಗೋಡೆಯೊಂದರ ತುದಿಯಲ್ಲಿ ದೇವದೂತ ಮರಿಯಳಿಗೆ ಶುಭವಾರ್ತೆ ತಿಳಿಸುವ ಕಲ್ಲಿನ ಕೆತ್ತನೆ ಇದೆ. ನೆಲ ನೋಡಿಕೊಂಡು ನಡೆದವರಿಗೆ ಅದು ಕಾಣುವುದಿಲ್ಲ.

ಇನ್ನು ಇಟ್ಟಿಗೆ. ಆ ಕಾಲದಲ್ಲಿ ಗೌರವಸ್ಥ ಚರ್ಚೆಂದರೆ ಕಲ್ಲಿನದು. ಇಟ್ಟಿಗೆ ಕಾರ್ಖಾನೆಗೆ, ಬಾಡಿಗೆ ಮನೆಗೆ. ಬಟರ್‌ಫೀಲ್ಡ್ ಕೆಂಪು ಇಟ್ಟಿಗೆಯನ್ನು ಆರಿಸಿ, ಅದರ ನಡುವೆ ಕಪ್ಪು ಇಟ್ಟಿಗೆಯ ಪಟ್ಟಿಗಳನ್ನೂ ಅಂಕುಡೊಂಕು ವಿನ್ಯಾಸಗಳನ್ನೂ, ಅಲ್ಲಲ್ಲಿ ಕಲ್ಲಿನ ಸಾಲುಗಳನ್ನೂ ಹೆಣೆದರು. ಬಡತನಕ್ಕೆ ಆರಿಸಿದ್ದಲ್ಲ, ಈ ಇಟ್ಟಿಗೆಗೆ ಕಲ್ಲಿಗಿಂತ ಹೆಚ್ಚು ಬೆಲೆ ಬಿದ್ದಿತು. ಬ್ರಿಟನ್ನಿನಲ್ಲಿ ಇಟ್ಟಿಗೆಯ ಮೇಲಿದ್ದ ತೆರಿಗೆ ರದ್ದಾದದ್ದೂ ಇದೇ 1850ರಲ್ಲಿ, ಹಾಗಾಗಿ ಮುಂದಿನ ದಶಕಗಳಲ್ಲಿ ಊರೂರಲ್ಲಿ ಪಟ್ಟೆಪಟ್ಟೆಯ ಇಟ್ಟಿಗೆ ಚರ್ಚುಗಳು ಏಳಲು ದಾರಿ ಸುಗಮವಾಯಿತು. ಇಲ್ಲಿ ಗಮನಿಸಬೇಕಾದದ್ದು ಒಂದೇ ಸಂಗತಿ: ಬಣ್ಣವನ್ನು ಗೋಡೆಗೆ ಬಳಿದಿಲ್ಲ, ಬಣ್ಣದಿಂದಲೇ ಗೋಡೆ ಕಟ್ಟಿದ್ದಾರೆ. ಅಲಂಕಾರ ಕಟ್ಟಡದ ಅಗತ್ಯ ಭಾಗಗಳಿಂದಲೇ ಹುಟ್ಟಬೇಕೆಂದು ವಾಸ್ತುಶಿಲ್ಪಿ ಪ್ಯೂಜಿನ್ 1840ರ ದಶಕದ ಆರಂಭದಲ್ಲೇ ಬರೆದಿದ್ದರು. ಇಟಲಿಯ ಬಣ್ಣಬಣ್ಣದ ಗೋಡೆಗಳನ್ನು ಕಲಾ ವಿಮರ್ಶಕ ಜಾನ್ ರಸ್ಕಿನ್ ಹೊಗಳಲು ತೊಡಗಿದ್ದರು. ಗೋಪುರದ ಸರಳ ಎತ್ತರದಲ್ಲಿ ಉತ್ತರ ಜರ್ಮನಿಯ ಇಟ್ಟಿಗೆ ಚರ್ಚುಗಳ ಛಾಯೆಯೂ ಇದೆ. ಇವೆಲ್ಲ ಲಂಡನ್ನಿನ ಕಲ್ಲಿದ್ದಲ ಹೊಗೆಯಲ್ಲಿ ಬಂದು ಕೂಡಿದವು. ಮಸಿ ಹಿಡಿದ ಆ ನಗರದಲ್ಲಿ ಬಳಿದ ಬಣ್ಣ ನಿಲ್ಲುವುದಿಲ್ಲ, ಸುಟ್ಟ ಇಟ್ಟಿಗೆ ನಿಲ್ಲುತ್ತದೆ.

ಒಳಗೆ ಕಾಲಿಟ್ಟರೆ ಮೊದಲು ಏನೂ ಅರ್ಥವಾಗುವುದಿಲ್ಲ. ಮೇಲ್ಮೈಯ ಒಂದು ಅಡಿಯೂ ಸುಮ್ಮನಿಲ್ಲ. ನಯಗೊಳಿಸಿದ ಕೆಂಪು ಗ್ರಾನೈಟಿನ ಕಂಬಗಳು, ಅವುಗಳ ಮೇಲೆ ಎಲೆಗಳ ಕೆತ್ತನೆ, ಕಮಾನುಗಳ ಮೇಲೆ ಬಣ್ಣದ ಕೂಡುಕಲ್ಲಿನ ಜ್ಯಾಮಿತಿ, ನೆಲದಲ್ಲಿ ಮಿಂಟನ್ ಕಂಪನಿಯ ಹೆಂಚುಗಳು, ಬಗೆಬಗೆಯ ಅಮೃತಶಿಲೆ ಜೋಡಿಸಿದ ಉಪದೇಶ ಪೀಠ. ಇದರ ಹಿಂದೆ ಯಂತ್ರಯುಗವಿದೆ ಎಂಬುದನ್ನು ಮರೆಯಬಾರದು. ಸ್ಕಾಟ್ಲೆಂಡಿನ ಗ್ರಾನೈಟನ್ನು ಉಗಿಯಂತ್ರದಲ್ಲಿ ಉಜ್ಜಿ ಕನ್ನಡಿಯಾಗಿಸುವ ವಿದ್ಯೆ ಬಂದು ಆಗ ಹೆಚ್ಚು ವರ್ಷವಾಗಿರಲಿಲ್ಲ. ಮಧ್ಯಯುಗದ ಯಾವ ಶಿಲ್ಪಿಯ ಕೈಗೂ ಈ ಹೊಳಪು ಎಟುಕುತ್ತಿರಲಿಲ್ಲ.

ಜನ ಕೂರುವ ಭಾಗ ಮೂರೇ ಅಂಕಣ ಉದ್ದ, ಬಲಿಪೀಠದ ಭಾಗ ಎರಡು ಅಂಕಣ. ಗಿಡ್ಡ ಕಟ್ಟಡ, ಆದರೆ ಎತ್ತರ. ಎರಡರ ನಡುವೆ ಅಮೃತಶಿಲೆಯ ತಗ್ಗಿನ ಗೋಡೆ ಇದೆಯಷ್ಟೇ, ದೃಷ್ಟಿಗೆ ಅಡ್ಡಿಯಿಲ್ಲ. ಪೂರ್ವದ ಗೋಡೆಯ ಹಿಂದೆ ಬೇರೆ ಕಟ್ಟಡ ಇದ್ದದ್ದರಿಂದ ಅಲ್ಲಿ ಕಿಟಕಿ ತೆರೆಯುವಂತಿರಲಿಲ್ಲ. ಗೋಥಿಕ್ ಚರ್ಚಿನಲ್ಲಿ ಪೂರ್ವದ ದೊಡ್ಡ ಬಣ್ಣದ ಕಿಟಕಿಯೇ ಕಣ್ಣಿನ ಗುರಿ. ಅದಿಲ್ಲದ ಮೇಲೆ ಬಟರ್‌ಫೀಲ್ಡ್ ಇಡೀ ಗೋಡೆಯನ್ನು ಸಾಲುಸಾಲು ಗೂಡುಗಳಾಗಿ ವಿಂಗಡಿಸಿ ಚಿತ್ರಗಳಿಗೆ ಬಿಟ್ಟುಕೊಟ್ಟರು. ಕ್ರಿಸ್ತ, ಮರಿಯ, ಸಂತರು ಚಿನ್ನದ ಹಿನ್ನೆಲೆಯಲ್ಲಿ ಅಂತಸ್ತು ಅಂತಸ್ತಾಗಿ ನಿಂತಿದ್ದಾರೆ. ಬರೆದವರು ವಿಲಿಯಂ ಡೈಸ್, ಪಾರ್ಲಿಮೆಂಟ್ ಭವನದ ಗೋಡೆಗಳಲ್ಲೂ ಚಿತ್ರ ಬರೆದ ಸ್ಕಾಟಿಷ್ ಕಲಾವಿದ. ಹಸಿ ಗಾರೆಯ ಮೇಲೆ ಬರೆಯುವ ಇಟಲಿಯ ವಿಧಾನ ಲಂಡನ್ನಿನ ತೇವದಲ್ಲಿ ಬಾಳಲಿಲ್ಲ. 1909ರಲ್ಲಿ ನಿನಿಯನ್ ಕಾಂಪರ್ ಹಲಗೆಗಳ ಮೇಲೆ ಹೊಸದಾಗಿ ಬರೆದು ಹಳೆಯ ಚಿತ್ರಗಳ ಮುಂದೆ ಕೂರಿಸಿದರು. ಇಂದು ನಾವು ನೋಡುವುದು ಕಾಂಪರ್ ಅವರ ಕೈಯನ್ನು, ಡೈಸ್ ಹಿಂದೆ ಇದ್ದಾರೆ.

ಉತ್ತರದ ಗೋಡೆಗೂ ಇದೇ ಪಾಡು, ಕೆಳಗೆ ಕಿಟಕಿಗೆ ಅವಕಾಶವಿಲ್ಲ. ಅಪ್ಟನ್ ರಿಚರ್ಡ್ಸ್ ತೀರಿಕೊಂಡ ಮೇಲೆ ಅವರ ಸ್ಮರಣೆಗೆ ಬಟರ್‌ಫೀಲ್ಡ್ ಆ ಗೋಡೆಯುದ್ದಕ್ಕೂ ಬಣ್ಣದ ಹೆಂಚಿನ ಚಿತ್ರಗಳನ್ನು ಹಾಕಿಸಿದರು. ನಡುವೆ ಕ್ರಿಸ್ತ ಜನನ, ಆಚೀಚೆ ಬೈಬಲಿನ ಪಾತ್ರಗಳು, ಸಂತರು. ಹೆಂಚುಗಳನ್ನು ಬರೆದವರು ಅಲೆಕ್ಸಾಂಡರ್ ಗಿಬ್ಸ್. ನಿಜ ಹೇಳಬೇಕೆಂದರೆ ರೇಖೆಗಳಲ್ಲಿ ಜೀವ ಕಡಿಮೆ, ಮುಖಗಳು ಬಿಗಿದುಕೊಂಡಿವೆ. ಉಪಾಯ ಮಾತ್ರ ಮೆಚ್ಚುವಂಥದ್ದು: ಡೈಸ್ ಅವರ ಗೋಡೆ ಹಾಳಾದದ್ದನ್ನು ಕಂಡವರು ಒರೆಸಿದರೆ ಹೊಸದಾಗುವ ಚಿತ್ರ ಹಾಕಿಸಿದರು. ಪಶ್ಚಿಮದ ದೊಡ್ಡ ಕಿಟಕಿಗೆ ಮೊದಲು ಫ್ರಾನ್ಸಿನ ಜೆರಾಂತ್ ಅವರ ಗಾಜು ಇತ್ತು. 1877ರಲ್ಲಿ ಅದನ್ನು ತೆಗೆದು ಗಿಬ್ಸ್ ಕೈಯಲ್ಲಿ ಹೊಸದು ಮಾಡಿಸಿದರು. ವೆಲ್ಸ್ ಕ್ಯಾಥೆಡ್ರಲ್‌ನಲ್ಲಿ ಕ್ರಿಸ್ತನ ಪೂರ್ವಜ ಯೆಸ್ಸೆಯ ವಂಶವೃಕ್ಷವನ್ನು ತೋರಿಸುವ ಕಿಟಕಿ ಅದಕ್ಕೆ ಆಧಾರ. ನಕಲು ಎಂದು ಧೈರ್ಯವಾಗಿ ಕರೆಯಬಹುದಾದದ್ದು ಈ ಕಟ್ಟಡದಲ್ಲಿ ಬಹುಶಃ ಇದೊಂದೇ.

ಗೋಡೆಗಳು ಬೇಗನೆ ಎದ್ದವು, ಮುಗಿಸಲು ಒಂಬತ್ತು ವರ್ಷ ಹಿಡಿಯಿತು. ಹೋಪ್ ಮತ್ತು ಬಟರ್‌ಫೀಲ್ಡ್ ನಡುವೆ ಜಗಳ, ಜಗಳದ ಮೂಲ ಬಣ್ಣ. ಕೊನೆಗೆ ಹೋಪ್, ಈ ಮನುಷ್ಯ ತಾನು ಕಟ್ಟಿದ್ದಕ್ಕೆ ತಾನೇ ವಿದೂಷಕನ ಅಂಗಿ ತೊಡಿಸಿ ಕೆಡಿಸಿದ, ಬಣ್ಣ ಮೆತ್ತಿ ಚರ್ಚು ಮೊದಲಿಗಿಂತ ಚಿಕ್ಕದಾಗಿ ಕಾಣುತ್ತಿದೆ ಎಂಬರ್ಥದ ಮಾತು ಬರೆದರು. ರಸ್ಕಿನ್ ಮಾತ್ರ 1853ರಲ್ಲಿ, ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, ಅಂಜಿಕೆಯಾಗಲಿ ಅಸಾಮರ್ಥ್ಯವಾಗಲಿ ಇಲ್ಲದ ಮೊದಲ ಆಧುನಿಕ ಕಟ್ಟಡ ಇದೇ, ಹಿಂದಿನ ಯಾವ ಕಾಲದ ಒಳ್ಳೆಯ ಕೆಲಸದ ಎದುರೂ ನಿಲ್ಲಬಲ್ಲದು ಎಂದಿದ್ದರು. ಇಪ್ಪತ್ತನೇ ಶತಮಾನದಲ್ಲೂ ಈ ವಾದ ತಣಿಯಲಿಲ್ಲ, ಕುರೂಪದ ಪ್ರಶ್ನೆ ಬಟರ್‌ಫೀಲ್ಡ್ ಹೆಸರಿನ ಜೊತೆಗೇ ಬಂತು. ನನ್ನ ಮಟ್ಟಿಗೆ ಹೋಪ್ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಬಲಿಪೀಠದ ಭಾಗ ಉಸಿರು ಕಟ್ಟುವಷ್ಟು ತುಂಬಿದೆ. ಆದರೆ ಅಲ್ಲಿ ಹಿಂಜರಿಕೆಯಿಲ್ಲ, ಯಾರನ್ನೋ ಮೆಚ್ಚಿಸುವ ಹಂಬಲವಿಲ್ಲ. ಚೆಂದ ಮಾಡಲು ಹೊರಟವನ ಕೆಲಸ ಇದಲ್ಲ, ತನಗೆ ಪರಮ ಸತ್ಯವೆನಿಸಿದ್ದನ್ನು ತನ್ನಲ್ಲಿದ್ದ ಎಲ್ಲ ಬಣ್ಣಗಳಿಂದ ಹೇಳಲು ಹೊರಟವನ ಕೆಲಸ.

ಕಟ್ಟಡದ ಸುತ್ತ ಬೆಳೆದ ಬದುಕಿನ ಬಗ್ಗೆ ಎರಡು ಮಾತು. ಚರ್ಚಿನ ಕೆಲಸ ನಡೆಯುತ್ತಿರುವಾಗಲೇ, 1851ರಲ್ಲಿ, ಹ್ಯಾರಿಯಟ್ ಬ್ರೌನ್‌ಲೋ ಬೈರನ್ ಎಂಬಾಕೆ ಇಲ್ಲಿ ಸನ್ಯಾಸಿನಿಯರ ಸಂಘ ಆರಂಭಿಸಿದರು. ಆಂಗ್ಲಿಕನ್ ಚರ್ಚಿನಲ್ಲಿ ಸನ್ಯಾಸಿನಿಯರೆಂದರೆ ಆಗ ಹುಬ್ಬೇರಿಸುವ ಸುದ್ದಿ. ಅವರು ಬಡವರ, ರೋಗಿಗಳ ಆರೈಕೆಗೆ ಇಳಿದರು, 1860ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಶುಶ್ರೂಷೆ ವಹಿಸಿಕೊಂಡರು, 1870ರ ದಶಕದ ಕೊನೆಗೆ ಮುಂಬಯಿಗೂ ಬಂದು ಆಸ್ಪತ್ರೆ, ಶಾಲೆಗಳಲ್ಲಿ ದುಡಿದರು. ಅಂಗಳದ ಪಕ್ಕದ ಗಾಯಕ ಶಾಲೆಯ ಬಾಲಕರು ರಾಜ್ಯಾಭಿಷೇಕಗಳಲ್ಲಿ ಹಾಡಿದ್ದಾರೆ. ನಟ ಲಾರೆನ್ಸ್ ಒಲಿವಿಯೆ ಅಲ್ಲಿ ಓದಿದ ಹುಡುಗ. ಶಾಲೆ 1968ರಲ್ಲಿ ಮುಚ್ಚಿತು, ಸಂಗೀತ ನಿಲ್ಲಲಿಲ್ಲ. ಧೂಪ, ದೀಪ, ವಸ್ತ್ರಗಳ ಈ ಪೂಜಾಕ್ರಮವನ್ನು ಹತ್ತಿಕ್ಕಲು 1874ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ತಂದಿತು, ದೇಶದಲ್ಲಿ ಕೆಲವು ಪಾದ್ರಿಗಳು ಜೈಲಿಗೂ ಹೋದರು. ಮೇಣದಬತ್ತಿಗೆ ಜೈಲು ಎಂದರೆ ಇಂದು ನಗು ಬರಬಹುದು. ಬಲಿಪೀಠ ಎಷ್ಟು ಮೆಟ್ಟಿಲು ಎತ್ತರವಿರಬೇಕು ಎಂಬ ಪ್ರಶ್ನೆಯ ಹಿಂದೆ ಎಷ್ಟು ಬಿಸಿ ಇತ್ತು ಎಂದು ತಿಳಿಯಲು ಅದನ್ನು ನೆನಪಿಡಬೇಕು.

ಉಪನ್ಯಾಸದ ನಂತರ ಒಬ್ಬರು ಕೇಳಿದರು: ಇದನ್ನೆಲ್ಲ ನೋಡಲು ಲಂಡನ್ನಿಗೇ ಹೋಗಬೇಕೆ? ಆಲ್ ಸೇಂಟ್ಸ್ ನೋಡಲು ಹೋಗಲೇಬೇಕು. ಬಟರ್‌ಫೀಲ್ಡ್ ಕೆಲಸವನ್ನಷ್ಟೇ ನೋಡುವುದಾದರೆ ರಾತ್ರಿ ಬಸ್ಸು ಸಾಕು. ಮುಂಬಯಿಯ ಕೊಲಾಬಾದಲ್ಲಿ ಎಲ್ಲರೂ ಅಫ್ಘಾನ್ ಚರ್ಚ್ ಎನ್ನುವ ಸಂತ ಯೋಹಾನರ ಚರ್ಚ್ ಇದೆ. ಮೊದಲ ಅಫ್ಘಾನ್ ಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿದ್ದು. ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅವರ ನಕ್ಷೆ ದುಬಾರಿಯೆಂದು ಬಿಟ್ಟು ಹೆನ್ರಿ ಕಾನಿಬೇರ್ ಅವರದನ್ನು ಆರಿಸಿದರು. 1858ರಲ್ಲಿ, ಅಂದರೆ ಮಾರ್ಗರೆಟ್ ಸ್ಟ್ರೀಟಿನ ಚರ್ಚಿಗಿಂತ ಒಂದು ವರ್ಷ ಮೊದಲೇ, ಅದರ ಪ್ರತಿಷ್ಠೆಯಾಯಿತು. ಶಿಖರ 1865ರಲ್ಲಿ ಮುಗಿಯಿತು, ಅದಕ್ಕೆ ಹಣ ಕೊಟ್ಟವರಲ್ಲಿ ಪಾರ್ಸಿ ದಾನಿ ಕಾವಸಜಿ ಜಹಾಂಗೀರ್ ಒಬ್ಬರು. ಒಳಗಿನ ನೆಲದ ಹೆಂಚು, ಬಲಿಪೀಠದ ಹಿಂದಿನ ಅಲಂಕಾರ, ಜಾಲರಿಗಳ ವಿನ್ಯಾಸ ಬಟರ್‌ಫೀಲ್ಡ್ ಅವರದು. ಧಾರವಾಡ, ಬೆಳಗಾವಿ, ವಿಜಯಪುರ ಆಗ ಇದೇ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಚರ್ಚಿನ ಹೊರಗಿನ ಗೋಡೆ ಸ್ಥಳೀಯ ಕಲ್ಲಿನದು, ಬಣ್ಣವೆಲ್ಲ ಒಳಗೆ. ಹೋದವರು ಒಳಗೆ ನಿಂತು ಮೊದಲು ನೆಲ ನೋಡಿ, ಆಮೇಲೆ ಕಿಟಕಿ.